ಮೇಷ್ಟ್ರುಗಳನ್ನೇ ಬೆಳೆಸಿದ ಕೃಷಿ ಮೇಷ್ಟ್ರು ಜಾರ್ಜ್ ವಾಷಿಂಗ್ಟನ್ ಕಾರ್ವರ್

ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅಂದ್ರೆ ಕಡಲೆಕಾಯಿಯಿಂದ ನೂರಾರು ಪದಾರ್ಥ ಮಾಡಿ ತೋರಿಸಿದ ಅಮೆರಿಕದ ವಿಜ್ಞಾನಿ ಅಂತಲೇ ಜನ ಗುರುತಿಸೋದು. ಪೀನಟ್ ಬಟರ್ ಕಂಡುಹಿಡಿದವರೂ ಅವರೇ ಅಂತ ಹೇಳ್ತಾರೆ, ಅದು ನಿಜವಲ್ಲ. ಅವರು ಮಾಡಿದ ಇನ್ನೂ ದೊಡ್ಡ ಕೆಲಸದ ಬಗ್ಗೆ ಮಾತು ಕಡಿಮೆ. ಬಡ ರೈತರ ಮಕ್ಕಳಿಗೆ ಬೇಸಾಯ ಕಲಿಸಿ, ಅವರು ಊರೂರಿಗೆ ಹೋಗಿ ಬೇರೆಯವರಿಗೆ ಕಲಿಸುವ ಹಾಗೆ ಮಾಡಿದ್ದು ಆ ಕೆಲಸ.

ಕಾರ್ವರ್ ಹುಟ್ಟಿದ್ದು 1864ರ ಸುಮಾರಿಗೆ, ಮಿಸೌರಿ ರಾಜ್ಯದ ಡೈಮಂಡ್ ಎಂಬ ಹಳ್ಳಿಯ ಹತ್ತಿರ. ತಾಯಿ ಮೇರಿ ಗುಲಾಮಳು. ಮಗು ಕೈಗೂಸಾಗಿದ್ದಾಗಲೇ ದರೋಡೆಕೋರರು ತಾಯಿ, ಮಗು ಇಬ್ಬರನ್ನೂ ಹೊತ್ತೊಯ್ದರು. ಮಗು ಮರಳಿ ಸಿಕ್ಕಿತು, ತಾಯಿ ಸಿಗಲೇ ಇಲ್ಲ. ಯಜಮಾನ ಮೋಸಸ್ ಕಾರ್ವರ್ ದಂಪತಿಯೇ ಸಾಕಿದರು. ಹುಡುಗನ ಮೈಯಲ್ಲಿ ಶಕ್ತಿ ಇರಲಿಲ್ಲ. ಹಾಗಾಗಿ ಹೊಲದ ಕೆಲಸ ಬಿಟ್ಟು ಅಡುಗೆ, ಹೊಲಿಗೆ, ಹಿತ್ತಲ ಗಿಡ ನೋಡಿಕೊಳ್ಳೋದು ಕಲಿತ. ಅಕ್ಕಪಕ್ಕದವರು ಬಾಡಿದ ಗಿಡಗಳನ್ನು ಅವನ ಹತ್ತಿರವೇ ತರೋರು.

ಹತ್ತಿರದ ಶಾಲೆಗೆ ಕಪ್ಪು ಮಕ್ಕಳನ್ನು ಸೇರಿಸುತ್ತಿರಲಿಲ್ಲ. ಓದಲಿಕ್ಕೆ ನಿಯೋಶೋ ಎಂಬ ಬೇರೆ ಊರಿಗೆ ಹೋಗಬೇಕಾಯಿತು. ಮುಂದೆ ಕಾನ್ಸಸ್‌ನ ಒಂದು ಕಾಲೇಜು ಸೀಟು ಕೊಟ್ಟು, ಬಾಗಿಲಿಗೆ ಬಂದಾಗ ಮೈಬಣ್ಣ ನೋಡಿ ವಾಪಸ್ ಕಳಿಸಿತು. ಬಟ್ಟೆ ಒಗೆದು, ಇಸ್ತ್ರಿ ಮಾಡಿ ಹೊಟ್ಟೆ ಹೊರೆಯುತ್ತಲೇ 1890ರಲ್ಲಿ ಅಯೋವಾದ ಸಿಂಪ್ಸನ್ ಕಾಲೇಜಿಗೆ ಸೇರಿದರು. ಆಯ್ದುಕೊಂಡಿದ್ದು ಚಿತ್ರಕಲೆ! ಅವರು ಬಿಡಿಸುವ ಗಿಡ, ಹೂವಿನ ಚಿತ್ರ ನೋಡಿದ ಕಲಾ ಶಿಕ್ಷಕಿ ಎಟ್ಟಾ ಬಡ್, ಕೃಷಿ ಓದುವಂತೆ ಹುರಿದುಂಬಿಸಿದರು. 1891ರಲ್ಲಿ ಏಮ್ಸ್‌ನ ಕೃಷಿ ಕಾಲೇಜು ಸೇರಿದರು. ಅಲ್ಲಿನ ಮೊದಲ ಕಪ್ಪು ವಿದ್ಯಾರ್ಥಿ ಅವರೇ. 1894ರಲ್ಲಿ ಪದವಿ, 1896ರಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ಅದೇ ವರ್ಷ ಅಲಬಾಮಾದ ಟಸ್ಕೆಗೀ ಸಂಸ್ಥೆಯಿಂದ ಬುಕರ್ ಟಿ. ವಾಷಿಂಗ್ಟನ್ ಅವರ ಕರೆ ಬಂತು. ಇಂದು ವಿಶ್ವವಿದ್ಯಾಲಯವಾಗಿರುವ ಆ ಸಂಸ್ಥೆ 1881ರಲ್ಲಿ ಶುರುವಾಗಿದ್ದೇ ಕಪ್ಪು ಜನರಿಗೆ ಶಿಕ್ಷಕರನ್ನು ತಯಾರು ಮಾಡಲಿಕ್ಕೆ. ಕಾರ್ವರ್ ಕೃಷಿ ವಿಭಾಗದ ಮುಖ್ಯಸ್ಥರಾದರು. ಹೆಸರಿಗೆ ವಿಭಾಗ, ಒಳಗೆ ಪ್ರಯೋಗಾಲಯವೇ ಇಲ್ಲ. ವಿದ್ಯಾರ್ಥಿಗಳನ್ನು ಕರ್ಕೊಂಡು ಕಸದ ರಾಶಿಯಿಂದ ಬಾಟಲಿ, ಡಬ್ಬ, ಹಳೇ ದೀಪ ಆಯ್ದು ತಂದು ಉಪಕರಣ ಮಾಡಿಕೊಂಡರು. ಇದೂ ಒಂದು ಪಾಠವೇ ಆಯ್ತು. ನಾಳೆ ಹಳ್ಳಿ ಶಾಲೆಗೆ ಹೋಗುವ ಮೇಷ್ಟ್ರಿಗೆ ಅಲ್ಲೂ ಏನೂ ಸಿಗೋದಿಲ್ಲ ಅಲ್ವಾ?

ರೈತರ ಸ್ಥಿತಿಯಂತೂ ಕೆಟ್ಟಿತ್ತು. ಬೀಜ, ಹಿಟ್ಟು, ಬಟ್ಟೆ ಎಲ್ಲವೂ ಅಂಗಡಿ ಸಾಲ. ಬರಲಿರುವ ಹತ್ತಿಯೇ ಸಾಲಕ್ಕೆ ಆಧಾರ. ಹಾಗಾಗಿ ಹತ್ತಿ ಬಿಟ್ಟು ಬೇರೆ ಬೆಳೆಯೋ ಹಾಗೇ ಇರಲಿಲ್ಲ. ವರ್ಷವರ್ಷವೂ ಹತ್ತಿ ಹಾಕಿ ಮಣ್ಣು ಸತ್ತಿತ್ತು, ಸಾಲ ಮಾತ್ರ ಬೆಳೀತಿತ್ತು. ಅಂಥವರಿಗೆ ದುಡ್ಡು ಕೊಟ್ಟು ಗೊಬ್ಬರ ತನ್ನಿ ಅಂದರೆ ಆಗುತ್ತದೆಯೇ? ಕಾಡಿನ ಎಲೆ, ಜೌಗಿನ ಗೋಡು ಹೊಲಕ್ಕೆ ಹಾಕಿ, ಅಲಸಂದೆ, ಕಡಲೆಕಾಯಿ ಬೆಳೆಯಿರಿ ಎಂದು ಕಾರ್ವರ್ ಕಲಿಸಿದರು. ಈ ಬೆಳೆಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ಮನೆಯವರ ಹೊಟ್ಟೆಗೂ ಆಯ್ತು.

ಇದನ್ನೆಲ್ಲ ಸರಳವಾಗಿ ಬರೆದು 44 ಕಿರುಪುಸ್ತಿಕೆ ತಂದರು. ರೈತ, ಶಿಕ್ಷಕ, ಗೃಹಿಣಿ ಮೂವರಿಗೂ ಅರ್ಥವಾಗಬೇಕು ಅನ್ನೋದು ಅವರ ಲೆಕ್ಕ. 1910ರಲ್ಲಿ ಹಳ್ಳಿ ಶಾಲೆಗಳಿಗೆಂದೇ ಒಂದು ಬಂತು. ಶಾಲೆ ಅಂಗಳದಲ್ಲಿ ಕೈತೋಟ ಮಾಡಿಸೋದು, ಮಣ್ಣು, ಗಿಡ, ಹುಳ ತೋರಿಸಿ ಪಾಠ ಹೇಳೋದು ಅದರ ವಿಷಯ. 1906ರಲ್ಲಿ ಜೆಸಪ್ ವ್ಯಾಗನ್ ಎಂಬ ಕುದುರೆ ಗಾಡಿಯಲ್ಲಿ ನೇಗಿಲು, ಬೀಜ, ಹಾಲಿನ ಉಪಕರಣ ತುಂಬಿಸಿ ಹಳ್ಳಿಗಳಿಗೆ ಕಳಿಸಿದರು. ಅದರ ಹೊಣೆ ಹೊತ್ತವರು ಅವರದೇ ಶಿಷ್ಯ ಥಾಮಸ್ ಕ್ಯಾಂಪ್‌ಬೆಲ್. ಅಮೆರಿಕ ಸರ್ಕಾರದ ಕೃಷಿ ಇಲಾಖೆ ನೇಮಿಸಿದ ಮೊದಲ ಕಪ್ಪು ಕೃಷಿ ಪ್ರಾತ್ಯಕ್ಷಿಕೆ ಅಧಿಕಾರಿ ಕೂಡ ಅವರೇ.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಲೆಕ್ಕಪತ್ರ, ಆಡಳಿತ ಕಾರ್ವರ್‌ಗೆ ಒಗ್ಗದ ಕೆಲಸ. ಕೋಳಿ ಸಾಕಣೆ ವಿಭಾಗದ ವಿಚಾರಕ್ಕೇ ವಾಷಿಂಗ್ಟನ್ ಜೊತೆ ಎಷ್ಟೋ ಸಲ ಜಟಾಪಟಿ ಆಯ್ತು. 1910ರಲ್ಲಿ ಕೃಷಿ ವಿಭಾಗ ಬೇರೆಯವರ ಕೈಗೆ ಹೋಯಿತು, ಇವರಿಗೆ ಸಂಶೋಧನೆ ಉಳಿಯಿತು. ರಾಜೀನಾಮೆ ಕೊಡ್ತೀನಿ ಅಂತ ಹಲವು ಸಲ ಹೊರಟರೂ ಟಸ್ಕೆಗೀ ಬಿಡಲಿಲ್ಲ.

ದೇಶವೆಲ್ಲ ಹೆಸರಾದದ್ದು ಆಮೇಲೆ. 1921ರಲ್ಲಿ ಕಡಲೆಕಾಯಿ ಆಮದು ಸುಂಕದ ಬಗ್ಗೆ ಸಂಸತ್ ಸಮಿತಿಯ ಮುಂದೆ ಮಾತಾಡಲು ಸಿಕ್ಕಿದ್ದು 10 ನಿಮಿಷ. ತಂದ ಪದಾರ್ಥಗಳನ್ನು ಒಂದೊಂದಾಗಿ ತೆಗೆದಿಟ್ಟಾಗ ಸದಸ್ಯರು ಸಮಯದ ಮಿತಿಯನ್ನೇ ಬಿಟ್ಟುಕೊಟ್ಟರು.

ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಉಳಿಸಿದ ದುಡ್ಡನ್ನು ಟಸ್ಕೆಗೀಯಲ್ಲಿ ಸಂಶೋಧನಾ ಪ್ರತಿಷ್ಠಾನಕ್ಕೆ ಕೊಟ್ಟರು. 1943ರ ಜನವರಿ 5ರಂದು ತೀರಿಕೊಂಡರು. ವಾಷಿಂಗ್ಟನ್ ಸಮಾಧಿಯ ಪಕ್ಕದಲ್ಲೇ ಅವರನ್ನೂ ಮಣ್ಣು ಮಾಡಿದರು. ಗುರು ಹೋದ ಮೇಲೂ ಶಿಷ್ಯ ಕ್ಯಾಂಪ್‌ಬೆಲ್ ರೈತರಿಗೆ ಕಲಿಸುವ ಅದೇ ಕೆಲಸದಲ್ಲಿ ಮುಂದುವರಿದರು.