ಒಂದು ಸೀಸೆಯ ಕಳಂಕ: ಹಾಫ್‌ಕಿನ್ ಮಹಾಶಯರ ಚರಿತ್ರೆ

1898ರಲ್ಲಿ ಪ್ಲೇಗು ಮಹಾಮಾರಿಯು ಹುಬ್ಬಳ್ಳಿಯನ್ನು ಹೊಕ್ಕಾಗ ಅಲ್ಲಿಯ 30,000ಕ್ಕೂ ಮಿಕ್ಕ ಜನರು ಒಂದು ಹೊಸ ಚುಚ್ಚುಮದ್ದಿಗೆ ತೋಳನ್ನೊಡ್ಡಿದರು. ಶಿರಾಳಕೊಪ್ಪದಿಂದ ಹಿರೇಕೆರೂರ ದಾರಿ ಹಿಡಿದವನಿಗೆ ಕೆಲವೇ ಹರದಾರಿಗಳಲ್ಲಿ ಮೈಸೂರು ಸೀಮೆ ಮುಗಿದು ಮುಂಬಯಿ ಇಲಾಖೆ ತೊಡಗುತ್ತಿದ್ದ ಕಾಲವದು. ಆದರೆ ಮಾರಿಗೆ ಗಡಿಯೆಂಬುದಿರಲಿಲ್ಲ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದೊಂದೇ ಗತಿಯೆಂದು ತಿಳಿದಿದ್ದ ಜನರಿಗೆ ಬೇರೊಂದು ದಾರಿಯನ್ನು ತೋರಿಸಿದವರು ವಾಲ್ಡೆಮಾರ್ ಹಾಫ್‌ಕಿನ್ ಮಹಾಶಯರು.

ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದ ಯಹೂದಿ ಕುಟುಂಬವೊಂದರಲ್ಲಿ 1860ರಲ್ಲಿ ಇವರು ಜನಿಸಿದರು. ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಗ್ರಂಥಪಾಲಕರಾಗಿ ಸೇರಿ, 1892ರಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಹಬ್ಬಲು, ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಹಗಲಿರುಳು ದುಡಿದು, 1897ರ ಜನವರಿ 10ರಂದು ಪ್ಲೇಗಿನ ಲಸಿಕೆಯನ್ನೂ ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ಪರರ ಪ್ರಾಣಕ್ಕಿಂತ ಮೊದಲು ತಮ್ಮ ಪ್ರಾಣವನ್ನು ಪಣವಾಗಿಟ್ಟ ಇಂತಹವರ ಮೇಲೆಯೇ ಮುಂದೆ ಹತ್ತೊಂಬತ್ತು ಸಾವುಗಳ ಹೊರೆ ಬಿದ್ದುದು ವಿಧಿವಿಲಾಸವೇ ಸರಿ.

1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ 107 ಮಂದಿಗೆ ಈ ಲಸಿಕೆಯನ್ನು ಹಾಕಲಾಯಿತು. ವಾರ ಕಳೆಯುವಷ್ಟರಲ್ಲಿ ಅವರ ಪೈಕಿ 19 ಮಂದಿಗೆ ಧನುರ್ವಾಯು ತಗುಲಿತು. ಅವರಲ್ಲಿ ಒಬ್ಬರೂ ಉಳಿಯಲಿಲ್ಲ. ವಿಚಾರಿಸಲಾಗಿ, ಆ 19 ಮಂದಿಯೂ 53 ಎನ್ ಎಂಬ ಗುರುತಿನ ಒಂದೇ ಸೀಸೆಯಿಂದ ಮದ್ದು ಪಡೆದವರೆಂದು ಗೊತ್ತಾಯಿತು. ಇತರ ಸೀಸೆಗಳಿಂದ ಪಡೆದ 88 ಮಂದಿಗೆ ಏನೂ ಆಗಿರಲಿಲ್ಲ. ಸೀಸೆಯ ಮೇಲಿನ ಅಂಕಿಯೇ ಸಾವಿನ ಜಾಡನ್ನು ಹಿಡಿದುಕೊಟ್ಟಿತು.

ಆದರೆ ವಿಷವು ಸೀಸೆಯನ್ನು ಹೊಕ್ಕುದು ಎಲ್ಲಿ? ಮುಂಬಯಿಯ ಪರೇಲಿನಲ್ಲಿಯೋ, ಮಲ್ಕೋವಾಲಿನಲ್ಲಿಯೋ? ಸೀಸೆಯು ಪರೇಲಿನಲ್ಲಿ ತುಂಬಿ 41 ದಿನಗಳಾಗಿದ್ದುವು. ಹೆಚ್ಚು ಮದ್ದನ್ನು ಬೇಗ ತಯಾರಿಸಲೆಂದು ಹಾಫ್‌ಕಿನ್ನರು ಕಾರ್ಬಾಲಿಕ್ ದ್ರವವನ್ನು ಬಿಟ್ಟು ಕಾಯಿಸುವ ಕ್ರಮವನ್ನು ನೆಚ್ಚಿದ್ದರು. ಸರ್ಕಾರದ ಆಯೋಗವು ಇದನ್ನೇ ಹಿಡಿದು, ಸೀಸೆಯನ್ನು ತೆರೆಯುವ ಮೊದಲೇ ದೋಷವಿದ್ದಿತೆಂದು ತೀರ್ಮಾನಿಸಿತು. ಹಾಫ್‌ಕಿನ್ನರು ಅಧಿಕಾರವನ್ನು ಕಳೆದುಕೊಂಡು ಇಂಗ್ಲೆಂಡಿಗೆ ತೆರಳಿದರು.

ಸಾಕ್ಷ್ಯವಾದರೋ ಬೇರೊಂದನ್ನು ಹೇಳುತ್ತಿದ್ದಿತು. ಬಿರಡೆಯನ್ನು ತೆಗೆಯುವ ಚಿಮಟವು ಗ್ರಾಮದಲ್ಲಿ ನೆಲಕ್ಕೆ ಬಿದ್ದಿದ್ದಿತು. ಅದನ್ನು ಔಷಧದ್ರವದಲ್ಲಿ ಅದ್ದಿ ಮತ್ತೆ ಬಳಸಿದ್ದರು. ಧನುರ್ವಾಯುವಿನ ಕ್ರಿಮಿಗೆ ಮಣ್ಣೇ ಮನೆ. ಅದು ಸೀಸೆಯಲ್ಲಿ 41 ದಿನ ಬೆಳೆದಿದ್ದರೆ ದುರ್ಗಂಧವು ಹೊಡೆಯಬೇಕಾಗಿದ್ದಿತು. ತೆರೆದ ವೈದ್ಯರಿಗೆ ಅಂತಹ ವಾಸನೆ ಬಂದಿರಲಿಲ್ಲ. ಬೆಂಗಳೂರಿನಲ್ಲಿಯೂ ಕೆಲಸ ಮಾಡಿದ್ದ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು 1907ರಲ್ಲಿ ಈ ವಾದವನ್ನು ಲೋಕದ ಮುಂದಿಟ್ಟರು. ಅದೇ ವರ್ಷ ಹಾಫ್‌ಕಿನ್ನರು ದೋಷಮುಕ್ತರಾಗಿ ಕಲ್ಕತ್ತೆಗೆ ಮರಳಿದರು. ಆದರೆ ಹಿಂದಿನ ಹಸ್ತ, ಹಿಂದಿನ ಹುರುಪು ಮರಳಲಿಲ್ಲ. 1914ರಲ್ಲಿ ನಿವೃತ್ತರಾಗಿ, 1930ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು. ಪರೇಲಿನ ಸಂಸ್ಥೆಗೆ 1925ರಿಂದ ಅವರ ಹೆಸರೇ ಇದೆ.

ಇದು ಕೇವಲ ಹಳೆಯ ಕಥೆಯಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆತ್ತ ಬಾಣಂತಿಯರು ಒಬ್ಬರ ಹಿಂದೊಬ್ಬರು ಮಡಿದಾಗ, ಅವರ ರಕ್ತನಾಳಕ್ಕೆ ಏರಿಸಿದ ದ್ರವದ ಮೇಲೆ ಶಂಕೆ ಬಿದ್ದು, ರಾಜ್ಯ ಸರ್ಕಾರವು ಅದರ ಬಳಕೆಯನ್ನು ತಡೆಯಿತು. ಅಲ್ಲಿಯೂ ಮೊದಲು ಕೇಳಬೇಕಾದ ಪ್ರಶ್ನೆ ಮಲ್ಕೋವಾಲಿನದೇ: ಯಾವ ಸೀಸೆ, ಯಾರಿಗೆ, ಯಾವ ದಿನ? ಇದಕ್ಕೆ ಉತ್ತರವು ರಾಜಧಾನಿಯ ಕಡತದಲ್ಲಿ ಹುಟ್ಟುವುದಿಲ್ಲ. ಶಿರಾಳಕೊಪ್ಪದಂತಹ ಊರಿನ ಆಸ್ಪತ್ರೆಯಲ್ಲಿ ರೋಗಿಯ ಹೆಸರಿನ ಪಕ್ಕದಲ್ಲಿ ಸೀಸೆಯ ಅಂಕಿಯನ್ನು ತಪ್ಪದೆ ಬರೆಯುವ ಕೈಯಲ್ಲಿ ಹುಟ್ಟುತ್ತದೆ. ಆ ಒಂದು ಸಾಲು ಬರಹವಿದ್ದರೆ ಮಡಿದವರಿಗೆ ನ್ಯಾಯ ದೊರೆಯುವುದು. ನಿರಪರಾಧಿಯ ಮಾನವೂ ಉಳಿಯುವುದು. ಅಧಿಕಾರದಲ್ಲಿರುವವರು ವ್ಯಕ್ತಿಯನ್ನು ಹಿಡಿಯುವ ಮೊದಲು ವಸ್ತುವಿನ ಜಾಡನ್ನು ಕಡೆಯವರೆಗೂ ಹಿಡಿಯುವುದೇ ಹಾಫ್‌ಕಿನ್ನರಿಗೆ ಸಲ್ಲಿಸತಕ್ಕ ತಕ್ಕ ಗೌರವ.