ಏಟು ತಿಂದವನ ಮುಖ: ಲಾನ್ ಚೇನಿ ಮತ್ತು ಹಾಲಿವುಡ್ ಸರ್ಕಸ್

ಒಬ್ಬ ವಿಜ್ಞಾನಿ ವರ್ಷಗಟ್ಟಲೆ ಕೂತು ಒಂದು ಸಿದ್ಧಾಂತ ರೂಪಿಸ್ತಾನೆ. ಅವನಿಗೆ ಆಸರೆ ಕೊಟ್ಟ ಶ್ರೀಮಂತ ಬ್ಯಾರನ್ ಆ ಕಾಗದಗಳನ್ನೇ ಕದ್ದು, ಪಂಡಿತರ ಸಭೆಯಲ್ಲಿ ತನ್ನದೇ ಸಂಶೋಧನೆ ಅಂತ ಮಂಡಿಸ್ತಾನೆ. ವಿಜ್ಞಾನಿ ಎದ್ದು ಪ್ರತಿಭಟಿಸಿದರೆ ಕೆನ್ನೆಗೆ ಒಂದು ಏಟು ಬೀಳುತ್ತೆ. ಸಭೆಯಲ್ಲಿದ್ದ ಪಂಡಿತರೆಲ್ಲ ಗೊಳ್ಳನೆ ನಗ್ತಾರೆ. ಮನೆಗೆ ಬಂದರೆ ಹೆಂಡತಿಯೂ ಬ್ಯಾರನ್ ಪಕ್ಷ. ಆಮೇಲೆ ಅವನು ಏನು ಮಾಡ್ತಾನೆ? ಸರ್ಕಸ್ ಸೇರಿ ಜೋಕರ್ ಆಗ್ತಾನೆ. ಅವನ ಐಟಂ ಒಂದೇ: ಉಳಿದ ಜೋಕರ್‌ಗಳಿಂದ ದಿನಾ ರಾತ್ರಿ ಸಾಲಾಗಿ ಕೆನ್ನೆಗೆ ಏಟು ತಿನ್ನೋದು. ಜನ ಬಿದ್ದು ಬಿದ್ದು ನಗ್ತಾರೆ.

ಇದು 1924ರ ಮೂಕಿ ಚಿತ್ರ 'ಹೀ ಹೂ ಗೆಟ್ಸ್ ಸ್ಲ್ಯಾಪ್ಡ್' ಕಥೆ. ನಾವು ಮಾಡಿದ ಪ್ರಾಜೆಕ್ಟ್‌ಗೆ ರಿವ್ಯೂ ದಿನ ಇನ್ನೊಬ್ಬರ ಹೆಸರು ಬಿದ್ದಾಗ ಆಗೋ ಸಂಕಟ ಗೊತ್ತಿದ್ದವರಿಗೆ, ಇದು ನೂರು ವರ್ಷ ಹಳೆಯ ಕಥೆ ಅಂತ ಅನ್ನಿಸೋದೇ ಇಲ್ಲ. ಆ ಜೋಕರ್ ಪಾತ್ರ ಮಾಡಿದವರು ಲಾನ್ ಚೇನಿ. ಸಾವಿರ ಮುಖಗಳ ಮನುಷ್ಯ ಅಂತಲೇ ಹೆಸರಾದವರು. ಹಾಲಿವುಡ್ ಸರ್ಕಸ್ ಡೇರೆಯೊಳಗೆ ಏನು ಕಂಡಿತು ಅಂತ ತಿಳಿಯೋಕೆ ಇವರೊಬ್ಬರ ಬದುಕನ್ನು ಹಿಂಬಾಲಿಸಿದರೂ ಸಾಕು.

ಚೇನಿ ಹುಟ್ಟಿದ್ದು 1883ರ ಏಪ್ರಿಲ್ 1ರಂದು, ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿನಲ್ಲಿ. ಅಪ್ಪ ಕ್ಷೌರಿಕ. ಅಪ್ಪನಿಗೂ ಅಮ್ಮನಿಗೂ ಕಿವಿ ಕೇಳುತ್ತಿರಲಿಲ್ಲ. ಊರಿನ ಕಿವುಡ ಮಕ್ಕಳ ಶಾಲೆ ಸ್ಥಾಪಿಸಿದವರು ತಾಯಿಯ ತಂದೆ. ಹಾಗಾಗಿ ಮನೆಯ ಭಾಷೆಯೇ ಸನ್ನೆ. ಹುಡುಗನಿಗೆ ಸುಮಾರು ಹತ್ತು ವರ್ಷ ಆದಾಗ ಅಮ್ಮ ಸಂಧಿವಾತದಿಂದ ಹಾಸಿಗೆ ಹಿಡಿದರು. ನೋಡಿಕೊಳ್ಳೋಕೆ ಇವನು ಶಾಲೆ ಬಿಟ್ಟ. ಹೊರಗೆ ಸುತ್ತಾಡಿ ಬಂದು ಅಂಗಡಿಯವನು ಹೇಗೆ ಜಗಳಾಡಿದ, ಬೀದಿಯಲ್ಲಿ ಯಾರು ಹೇಗೆ ನಡೆದರು ಅನ್ನೋದನ್ನೆಲ್ಲ ಅಮ್ಮನ ಮುಂದೆ ಮೈಯಲ್ಲಿ, ಮುಖದಲ್ಲಿ ಆಡಿ ತೋರಿಸುತ್ತಿದ್ದ. ಅವರ ನಟನಾ ಶಾಲೆ ಅಂತ ಏನಾದರೂ ಇದ್ದರೆ ಅದು ಆ ಹಾಸಿಗೆಯ ಪಕ್ಕದ ಜಾಗ. ಒಬ್ಬರೇ ಪ್ರೇಕ್ಷಕರು, ಅವರಿಗೂ ಕಿವಿ ಕೇಳದು. ಮಾತಿಲ್ಲದೆ ಅರ್ಥವಾಗಬೇಕು, ಇಲ್ಲದಿದ್ದರೆ ಆಟವೇ ಇಲ್ಲ.

ಮುಂದೆ ಊರಿನ ನಾಟಕಶಾಲೆಯಲ್ಲಿ ರಂಗದ ಹಿಂದಿನ ಕೆಲಸ, ಆಮೇಲೆ ಊರೂರು ತಿರುಗುವ ಹಾಡು ಕುಣಿತದ ಕಂಪನಿಗಳು. ಅಲ್ಲೇ ಕ್ಲೀವಾ ಅನ್ನೋ ಗಾಯಕಿಯ ಪರಿಚಯವಾಗಿ ಮದುವೆ. 1906ರಲ್ಲಿ ಮಗ ಕ್ರೈಟನ್ ಹುಟ್ಟಿದ. ಸಂಸಾರ ಸರಿಹೋಗಲಿಲ್ಲ. 1913ರಲ್ಲಿ ಲಾಸ್ ಏಂಜಲೀಸ್‌ನ ರಂಗಮಂದಿರದಲ್ಲಿ ಕ್ಲೀವಾ ವಿಷ ಕುಡಿದರು. ಜೀವ ಉಳಿಯಿತು, ಹಾಡುವ ಕಂಠ ಹೋಯಿತು. ಈ ಗಲಾಟೆಯ ನಂತರ ಚೇನಿಗೆ ನಾಟಕದಲ್ಲಿ ಕೆಲಸ ಸಿಗೋದು ಕಷ್ಟವಾಯ್ತು. ಹೊಟ್ಟೆಪಾಡಿಗೆ ಹೋಗಿದ್ದು ಸಿನಿಮಾಕ್ಕೆ. ಆಗ ಸಿನಿಮಾಕ್ಕೂ ದನಿ ಇರಲಿಲ್ಲ.

ಯೂನಿವರ್ಸಲ್ ಸ್ಟುಡಿಯೋದಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಲೇ ಅವರು ತಮ್ಮ ಪೆಟ್ಟಿಗೆ ಕಟ್ಟಿಕೊಂಡರು. ಇವತ್ತಿನ ಹಾಗೆ ಮೇಕಪ್ ವಿಭಾಗ ಆಗ ಇರಲಿಲ್ಲ, ನಟರು ತಮ್ಮ ಬಣ್ಣ ತಾವೇ ಹಚ್ಚಿಕೊಳ್ಳಬೇಕು. ಇದರಲ್ಲಿ ಸ್ವಲ್ಪ ಮಟೀರಿಯಲ್ ಸೈನ್ಸ್ ಕೂಡ ಇದೆ. ಅಂದಿನ ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಕೆಂಪು ತುಟಿ ಪರದೆ ಮೇಲೆ ಕಪ್ಪಾಗಿ ಬೀಳುತ್ತಿತ್ತು. ಯಾವ ಬಣ್ಣ ಯಾವ ಬೂದು ಛಾಯೆಯಾಗುತ್ತೆ ಅಂತ ಲೆಕ್ಕ ಹಾಕಿಯೇ ಹಚ್ಚಬೇಕಿತ್ತು. ಹತ್ತಿ, ಚರ್ಮಕ್ಕೆ ಅಂಟಿ ಒಣಗಿ ಬಿಗಿಯುವ ಕೊಲೋಡಿಯನ್ ದ್ರಾವಣ, ತಂತಿ, ಮೇಣ ಇಷ್ಟರಲ್ಲೇ ಅವರು ಹೊಸ ಮುಖ ಕಟ್ಟುತ್ತಿದ್ದರು. 1923ರ 'ದಿ ಹಂಚ್‌ಬ್ಯಾಕ್ ಆಫ್ ನೋತ್ರ್ ದಾಮ್'ನ ಗೂನುಬೆನ್ನಿನವನು, 1925ರ 'ದಿ ಫ್ಯಾಂಟಮ್ ಆಫ್ ದಿ ಆಪೆರಾ'ದ ಬುರುಡೆ ಮುಖದವನು ಹೀಗೆ ಹುಟ್ಟಿದವರು. 1929ರಲ್ಲಿ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಮೇಕಪ್ ಬಗ್ಗೆ ಲೇಖನ ಬರೆಸಿದ್ದು ಇವರ ಕೈಯಿಂದಲೇ. ಶಾಲೆ ಬಿಟ್ಟ ಹುಡುಗನ ಲೇಖನ ವಿಶ್ವಕೋಶದಲ್ಲಿ!

ಈಗ ಸರ್ಕಸ್ಸಿಗೆ ಬರೋಣ. ಸಿಂಹದ ಗುರುತಿನ ಎಂಜಿಎಂ ಕಂಪನಿ ಹುಟ್ಟಿದ ಮೇಲೆ ಪೂರ್ತಿ ತಾನೇ ತಯಾರಿಸಿದ ಮೊದಲ ಚಿತ್ರವೇ ಆ ಏಟು ತಿನ್ನುವವನ ಕಥೆ. ನಿರ್ದೇಶಕ ಸ್ವೀಡನ್‌ನ ವಿಕ್ಟರ್ ಸ್ಯೋಸ್ಟ್ರೋಮ್, ಮೂಲ ರಷ್ಯಾದ ಲೇಖಕ ಲಿಯೊನಿಡ್ ಆಂಡ್ರೆಯೆವ್ ಅವರ ನಾಟಕ. ಇದರಲ್ಲಿ ಚೇನಿ ಮುಖಕ್ಕೆ ದೊಡ್ಡ ಮಾರ್ಪಾಡೇನೂ ಇಲ್ಲ, ಬರೀ ಬಿಳಿ ಬಣ್ಣ. ಆ ಬಿಳಿಯ ಕೆಳಗೆ ಒಬ್ಬ ವಿಜ್ಞಾನಿಯ ಅವಮಾನ ಕುದಿಯುತ್ತಿರೋದು ನಮಗೆ ಗೊತ್ತು, ಡೇರೆಯೊಳಗಿನ ಜನಕ್ಕೆ ಗೊತ್ತಿಲ್ಲ. ಒಂದು ರಾತ್ರಿ ಅದೇ ಬ್ಯಾರನ್ ಆಟ ನೋಡೋಕೆ ಬಂದು ಕೂತಿರ್ತಾನೆ. ಕೊನೆಗೆ ಸಿಂಹದ ಬೋನು ತೆರೆದು ಜೋಕರ್ ಸೇಡು ತೀರಿಸಿಕೊಳ್ತಾನೆ. ಆದರೆ ತಾನೂ ಇರಿತಕ್ಕೆ ಸಿಕ್ಕಿ, ಅದೇ ಗಾಯದಲ್ಲಿ ರಿಂಗಿಗೆ ಬಂದು ಕುಸಿಯುತ್ತಾನೆ. ಜನ ಅದನ್ನೂ ಐಟಂ ಅಂದುಕೊಂಡು ನಗ್ತಾರೆ.

ಮರುವರ್ಷ 'ದಿ ಅನ್‌ಹೋಲಿ ತ್ರೀ'. ನಿರ್ದೇಶಕ ಟಾಡ್ ಬ್ರೌನಿಂಗ್. ಈ ಮನುಷ್ಯ ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಜಾತ್ರೆ ತಂಡ ಸೇರಿದ್ದವರು, ಜೀವಂತ ಹೂಳಿಸಿಕೊಳ್ಳುವ ಐಟಂ ಮಾಡಿದವರು. ಡೇರೆಯ ಹಿಂಬಾಗಿಲು ಕಂಡಿದ್ದವರು. ಚೇನಿ ಜೊತೆ ಒಟ್ಟು ಹತ್ತು ಚಿತ್ರ ಮಾಡಿದರು. ಈ ಚಿತ್ರದಲ್ಲಿ ಚೇನಿ, ತುಟಿ ಅಲ್ಲಾಡಿಸದೆ ಗೊಂಬೆಯನ್ನು ಮಾತಾಡಿಸುವ ಕಲಾವಿದ. ಪೈಲ್ವಾನ್ ಮತ್ತು ಕುಳ್ಳ ಕಲಾವಿದನ ಜೊತೆ ಸೇರಿ ಕಳ್ಳತನಕ್ಕೆ ಇಳೀತಾನೆ. ತಾನು ಅಜ್ಜಿ ವೇಷ ಹಾಕಿ ಗಿಳಿ ಮಾರ್ತಾನೆ. ಮೂಕಿ ಚಿತ್ರದಲ್ಲಿ ಗಿಳಿ ಮಾತಾಡೋದನ್ನು ತೋರಿಸೋದು ಹೇಗೆ? ಕಾಮಿಕ್ಸ್ ಥರ ಬಲೂನ್ ಬಿಡಿಸಿ ತೋರಿಸಿದರು!

1927ರ 'ದಿ ಅನ್‌ನೋನ್' ಇವೆಲ್ಲಕ್ಕಿಂತ ಭಯಂಕರ. ಸ್ಪೇನ್‌ನ ಒಂದು ಸರ್ಕಸ್‌ನಲ್ಲಿ ಅಲೋಂಜೊ ಕೈಯಿಲ್ಲದವನು. ಕಾಲಿನಿಂದಲೇ ಚಾಕು ಎಸೀತಾನೆ. ನಿಜಕ್ಕೂ ಅವನಿಗೆ ಕೈ ಇವೆ, ಪೊಲೀಸರಿಂದ ತಪ್ಪಿಸಿಕೊಳ್ಳೋಕೆ ಬಿಗಿದು ಬಚ್ಚಿಟ್ಟಿದ್ದಾನೆ. ಅವನು ಪ್ರೀತಿಸೋ ನ್ಯಾನನ್‌ಗೆ ಗಂಡಸರ ಕೈ ಅಂದ್ರೆ ಹೆದರಿಕೆ. ಅವಳಿಗಾಗಿ ಅವನು ನಿಜವಾಗಲೂ ಕೈ ಕತ್ತರಿಸಿಕೊಂಡು ವಾಪಸ್ ಬಂದರೆ, ಅವಳ ಹೆದರಿಕೆ ಹೋಗಿ ಪೈಲ್ವಾನನ ತೋಳಿನಲ್ಲಿ ನಗ್ತಾ ನಿಂತಿರ್ತಾಳೆ. ಆ ಕ್ಷಣ ಚೇನಿ ಮುಖ ನೋಡಬೇಕು. ಮೊದಲು ನಗ್ತಾರೆ, ನಗು ಹೆಚ್ಚಾಗ್ತಾ ಹೋಗುತ್ತೆ, ಎಲ್ಲಿ ಅದು ಕಿರುಚಾಟ ಆಯ್ತು ಅಂತ ಗೊತ್ತೇ ಆಗೋದಿಲ್ಲ. ಮೂಕಿ ಚಿತ್ರ ಅನ್ನೋದನ್ನು ನಾವು ಮರೀತೀವಿ. ಕಾಲಿನ ಸೂಕ್ಷ್ಮ ಕೆಲಸಗಳಿಗೆ ನಿಜಕ್ಕೂ ಕೈಯಿಲ್ಲದ ಪಾಲ್ ಡೆಸ್ಮ್ಯೂಕ್ ಅನ್ನೋ ಕಲಾವಿದರ ಕಾಲು ಬಳಸಿಕೊಂಡರು. ಮುಖ ಚೇನಿಯದು, ಕಾಲು ಡೆಸ್ಮ್ಯೂಕ್‌ರದು. ನ್ಯಾನನ್ ಆಗಿದ್ದ ಜೋನ್ ಕ್ರಾಫರ್ಡ್, ಚೇನಿಯ ಏಕಾಗ್ರತೆ ನೋಡಿಯೇ ತಾನು ನಟನೆ ಕಲಿತೆ ಅಂತ ಮುಂದೆ ನೆನೆಸಿಕೊಂಡರು.

1928ರ 'ಲಾಫ್, ಕ್ಲೌನ್, ಲಾಫ್'ನಲ್ಲಿ ಇಟಲಿಯ ಜೋಕರ್ ಟಿಟೊ. ಅಳು ನಿಲ್ಲದ ಟಿಟೊ ವೈದ್ಯರ ಹತ್ತಿರ ಹೋದರೆ, ಊರಿಗೆ ಬಂದಿರೋ ಆ ಪ್ರಸಿದ್ಧ ಜೋಕರ್‌ನ ಆಟ ನೋಡಿ ಅಂತ ಸಲಹೆ ಸಿಗುತ್ತೆ. ಆ ಜೋಕರ್ ತಾನೇ!

ಹಾಗಾದರೆ ಸರ್ಕಸ್ ಬದುಕು ನಿಜಕ್ಕೂ ಹೀಗಿತ್ತಾ? ಪೂರ್ತಿ ಇಲ್ಲ. ಹಾಲಿವುಡ್‌ಗೆ ಸರ್ಕಸ್ ಅಂದರೆ ಅವಮಾನ ಆದವರು, ತಪ್ಪಿಸಿಕೊಂಡವರು ಬಣ್ಣದ ಹಿಂದೆ ಅಡಗುವ ಜಾಗ. ದಿನಾ ಡೇರೆ ಎತ್ತುವವರು, ಆನೆಗೆ ನೀರು ಹಾಕುವವರು, ಸಂಬಳದ ಲೆಕ್ಕ ಇವು ಕಂಡಿದ್ದು ಕಡಿಮೆ. 1941ರ 'ಡಂಬೋ'ದಲ್ಲಿ ಮಳೆಯಲ್ಲಿ ಡೇರೆ ಕಟ್ಟುವ ಕೂಲಿಗಳಿದ್ದಾರೆ, ಅವರಿಗೆ ಮುಖವೇ ಇಲ್ಲ. 1952ರ 'ದಿ ಗ್ರೇಟೆಸ್ಟ್ ಶೋ ಆನ್ ಅರ್ತ್' ನಿಜವಾದ ರಿಂಗ್ಲಿಂಗ್ ಬ್ರದರ್ಸ್ ಸರ್ಕಸ್ಸನ್ನೇ ಬಳಸಿ ತೆಗೆದ ಚಿತ್ರ. ಆದರೂ ಅದರಲ್ಲಿ ಜೇಮ್ಸ್ ಸ್ಟುವರ್ಟ್ ಮಾಡಿದ್ದು ಪೊಲೀಸರಿಂದ ತಪ್ಪಿಸಿಕೊಂಡು, ಬಣ್ಣ ಒರೆಸದೆ ಬದುಕುವ ಡಾಕ್ಟರ್ ಜೋಕರ್‌ನ ಪಾತ್ರ. ಚೇನಿ ತುಳಿದ ಹಾದಿಯೇ ಅದು.

ಆದರೆ ಚೇನಿ ಚಿತ್ರಗಳು ಒಂದು ಸತ್ಯ ಹೇಳಿದವು. ಸರ್ಕಸ್ಸಿನಲ್ಲಿ ಕ್ರೂರ ಪ್ರಾಣಿ ಬೋನಿನಲ್ಲಿ ಮಾತ್ರ ಇರೋದಿಲ್ಲ, ಟಿಕೆಟ್ ತಗೊಂಡು ಸುತ್ತ ಕೂತಿರುತ್ತೆ. ಇದು ಎಷ್ಟು ನಿಜ ಅಂತ ಬ್ರೌನಿಂಗ್ 1932ರಲ್ಲಿ ಕಂಡುಕೊಂಡರು. ನಿಜವಾದ ಸೈಡ್‌ಶೋ ಕಲಾವಿದರನ್ನೇ ಹಾಕಿಕೊಂಡು 'ಫ್ರೀಕ್ಸ್' ತೆಗೆದರು. ಬಣ್ಣ ಹಚ್ಚಿದ ಚೇನಿಗೆ ಕಣ್ಣೀರು ಹಾಕಿದ್ದ ಪ್ರೇಕ್ಷಕರು, ಬಣ್ಣವಿಲ್ಲದ ಅದೇ ದೇಹಗಳನ್ನು ಕಂಡು ಮುಖ ತಿರುಗಿಸಿದರು. ಚಿತ್ರಕ್ಕೆ ಕತ್ತರಿ ಬಿತ್ತು, ಬ್ರಿಟನ್‌ನಲ್ಲಿ ಸುಮಾರು 30 ವರ್ಷ ನಿಷೇಧವಾಯ್ತು.

ಅದನ್ನು ನೋಡೋಕೆ ಚೇನಿ ಇರಲಿಲ್ಲ. ಮಾತಿನ ಚಿತ್ರಗಳು ಬಂದಾಗ ಅವರು ಬಹಳ ದಿನ ಹಿಂಜರಿದರು. ಕೊನೆಗೆ ಒಪ್ಪಿದ್ದು 'ದಿ ಅನ್‌ಹೋಲಿ ತ್ರೀ'ಯನ್ನೇ ಮಾತಿನಲ್ಲಿ ಮತ್ತೆ ತೆಗೆಯೋಕೆ. 1930ರಲ್ಲಿ ಬಂದ ಆ ಚಿತ್ರದಲ್ಲಿ ಕಲಾವಿದ, ಅಜ್ಜಿ, ಗೊಂಬೆ, ಗಿಳಿ, ಹುಡುಗಿ ಹೀಗೆ ಐದು ದನಿ ಅವರದ್ದೇ. ಜನ ನಂಬಲಿ ಅಂತ ಸ್ಟುಡಿಯೋ ನೋಟರಿ ಮುಂದೆ ಅಫಿಡವಿಟ್‌ಗೆ ಸಹಿ ಹಾಕಿಸಿತು. ಸಾವಿರ ಮುಖಗಳ ಮನುಷ್ಯನಿಗೆ ದನಿಯೂ ಸಿಕ್ಕಿತ್ತು. ಆದರೆ ಅಷ್ಟರಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಕೊನೆಯ ದಿನಗಳಲ್ಲಿ ಮಾತು ನಿಂತುಹೋಯ್ತು. ಆಗ ಅವರು ಮಾತಾಡಿದ್ದು ಅಮ್ಮನ ಹಾಸಿಗೆ ಪಕ್ಕ ಆಡಿದ್ದ ಅದೇ ಸನ್ನೆಗಳಲ್ಲಿ. ಚಿತ್ರ ಬಿಡುಗಡೆಯಾದ ಕೆಲವೇ ವಾರಗಳಲ್ಲಿ, ಆಗಸ್ಟ್ 26ರಂದು, 47ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸಮಾಧಿ ಮೇಲೆ ಹೆಸರಿಲ್ಲ. ಮೇಕಪ್ ಪೆಟ್ಟಿಗೆ ಮಾತ್ರ ಲಾಸ್ ಏಂಜಲೀಸ್‌ನ ಮ್ಯೂಸಿಯಮ್ಮಿನಲ್ಲಿದೆ.

ನಮ್ಮಲ್ಲೂ ಸೆಮಿನಾರ್‌ನಲ್ಲಿ ಯಾರೋ ತಡವರಿಸಿದಾಗ ಹಿಂದಿನ ಬೆಂಚಿನಿಂದ ಒಂದು ನಗು ಏಳುತ್ತೆ, ನಾವೂ ಅದಕ್ಕೆ ದನಿ ಸೇರಿಸಿಬಿಡ್ತೀವಿ. ಇನ್ನು ಮೇಲೆ ಹಾಗಾದಾಗ ಒಮ್ಮೆ ಆ ವಿಜ್ಞಾನಿಯ ಬಿಳಿ ಮುಖ ನೆನಪಾಗಲಿ. ಅವನನ್ನು ಜೋಕರ್ ಮಾಡಿದ್ದು ಬ್ಯಾರನ್‌ನ ಒಂದು ಏಟಲ್ಲ, ಸುತ್ತ ಕೂತಿದ್ದ ಓದಿದವರ ನಗು.