ವಿಲಿಯಂ ಜೇಮ್ಸ್: ಮನಃಶಾಸ್ತ್ರದ ಗುರುವಿನ ವಿದ್ಯಾರ್ಥಿದೆಸೆ

ಮನಃಶಾಸ್ತ್ರವನ್ನು ಓದುವವರಿಗೆ ವಿಲಿಯಂ ಜೇಮ್ಸ್‌ನ ಹೆಸರು ಮೊದಲ ಅಧ್ಯಾಯದಲ್ಲಿಯೇ ಎದುರಾಗುತ್ತದೆ. ಹುಟ್ಟಿದ ವರ್ಷ, ಬರೆದ ಗ್ರಂಥ, ಭಾವಗಳನ್ನು ಕುರಿತ ಸಿದ್ಧಾಂತ, ಇಷ್ಟನ್ನು ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡು ವಿದ್ಯಾರ್ಥಿ ಮುಂದಿನ ಹೆಸರಿಗೆ ಸಾಗುತ್ತಾನೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಶಾಸ್ತ್ರವನ್ನು ಅಮೆರಿಕದಲ್ಲಿ ನೆಲೆಗೊಳಿಸಿದ ಈ ಮಹನೀಯನು ತನ್ನ ವಿದ್ಯಾರ್ಥಿದೆಸೆಯ ಬಹುಭಾಗವನ್ನು ರೋಗಿಯಾಗಿ ಕಳೆದನೆಂಬುದನ್ನು, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಆತನಿಗೆ ಬದುಕೇ ಬೇಡವೆನಿಸಿತ್ತೆಂಬುದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಕುಂದುರ್ಪಿ, ಕಲ್ಯಾಣದುರ್ಗ, ಹಿಂದೂಪುರಗಳ ಕಡೆಯಿಂದ ದೂರದ ನಗರಗಳಿಗೆ ಹೋಗಿ ಸ್ನಾತಕೋತ್ತರ ಮನಃಶಾಸ್ತ್ರ ಓದುವ ಮಕ್ಕಳನ್ನು ನೆನೆದು ಈ ಚರಿತ್ರೆಯನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಉನ್ನತ ತರಗತಿಯಲ್ಲಿ ಇಂಗ್ಲಿಷು. ಮಳೆ ತಪ್ಪಿದ ವರ್ಷ ಕಡಲೆಕಾಯಿ ಹೊಲದ ಸಾಲದ ಚಿಂತೆಯೂ ಅವರ ಜೊತೆಯಲ್ಲಿಯೇ ಹಾಸ್ಟೆಲಿಗೆ ಬರುತ್ತದೆ. ಹಗಲೆಲ್ಲ ಪ್ರಾಯೋಗಿಕ ತರಬೇತಿಯಲ್ಲಿ ಪರರ ಸಂಕಟವನ್ನು ಕೇಳಿದವರು ರಾತ್ರಿ ತಮ್ಮದನ್ನು ಯಾರಿಗೂ ಹೇಳಿಕೊಳ್ಳುವುದಿಲ್ಲ. ಮನಸ್ಸಿನ ಶಾಸ್ತ್ರ ಓದುವವರಿಗೇ ಮನಸ್ಸು ಸರಿಯಿಲ್ಲವೆಂದರೆ ಜನ ನಕ್ಕಾರೆಂಬ ಅಂಜಿಕೆ. ಜೇಮ್ಸ್‌ನಿಗೂ ಆ ಅಂಜಿಕೆಯಿತ್ತು. ಅದಕ್ಕೆ ಆಧಾರವನ್ನು ಮುಂದೆ ನೋಡುವೆವು.

ಆತನು 1842ರ ಜನವರಿ 11ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದನು. ತಂದೆಯ ಹೆಸರು ಹೆನ್ರಿ ಜೇಮ್ಸ್. ಪಿತ್ರಾರ್ಜಿತ ಸಂಪತ್ತುಳ್ಳವನು, ಧರ್ಮಚಿಂತಕ, ಬಾಲ್ಯದಲ್ಲಿ ಬೆಂಕಿಯ ಅನಾಹುತದಿಂದ ಒಂದು ಕಾಲನ್ನು ಕಳೆದುಕೊಂಡವನು. 1844ರಲ್ಲಿ ಕುಟುಂಬವು ಇಂಗ್ಲೆಂಡಿನಲ್ಲಿದ್ದಾಗ ಈ ತಂದೆಗೆ ಒಂದು ಸಂಜೆ ಊಟದ ಮೇಜಿನ ಬಳಿ ಕಾರಣವೇ ಇಲ್ಲದ ಘೋರ ಭೀತಿಯು ಕವಿಯಿತು. ಅದರ ನೆರಳು ಸುಮಾರು ಎರಡು ವರ್ಷ ಆತನನ್ನು ಬಿಡಲಿಲ್ಲ. ತಮ್ಮ ಹೆನ್ರಿ ಮುಂದೆ ಪ್ರಖ್ಯಾತ ಕಾದಂಬರಿಕಾರನಾದನು. ತಂಗಿ ಆಲಿಸ್ ಬಹುಕಾಲ ಹಾಸಿಗೆ ಹಿಡಿದೇ ಬಾಳಿದಳು. ಆಕೆಯ ದಿನಚರಿ ಇಂದಿಗೂ ಓದುಗರನ್ನು ಹಿಡಿದು ನಿಲ್ಲಿಸುತ್ತದೆ. ಸೂಕ್ಷ್ಮಬುದ್ಧಿಯೂ ಸೂಕ್ಷ್ಮದೇಹವೂ ಆ ಮನೆಗೆ ಒಟ್ಟಿಗೇ ಬಂದಿದ್ದವು.

ಮೊದಲು ಚಿತ್ರಕಲೆಯ ಹಂಬಲದಿಂದ ನ್ಯೂಪೋರ್ಟ್ ಎಂಬ ಊರಿನಲ್ಲಿ ಒಬ್ಬ ಕಲಾವಿದನ ಬಳಿ ಅಭ್ಯಾಸ ಮಾಡಿದ ಜೇಮ್ಸ್, 1861ರಲ್ಲಿ ಅದನ್ನು ತೊರೆದು ಹಾರ್ವರ್ಡಿನಲ್ಲಿ ರಸಾಯನಶಾಸ್ತ್ರಕ್ಕೆ ಸೇರಿದನು. 1864ರಲ್ಲಿ ವೈದ್ಯಶಾಲೆ. ಮರುವರ್ಷ ಲೂಯಿ ಅಗಾಸಿ ಎಂಬ ಜೀವವಿಜ್ಞಾನಿಯ ತಂಡದೊಡನೆ ಅಮೆಜಾನ್ ಪ್ರವಾಸ. ಅಲ್ಲಿ ಸಿಡುಬಿನ ಒಂದು ಸೌಮ್ಯರೂಪ ತಗುಲಿ ಕಣ್ಣುಗಳೂ ಬಾಧೆಪಟ್ಟವು. ಹೀಗೆ ಒಂದು ದಾರಿಯಿಂದ ಮತ್ತೊಂದಕ್ಕೆ ಹಾರಿದ ತರುಣನನ್ನು ಇಂದಿನ ತಂದೆತಾಯಿಗಳು ನಿಲುಕಡೆಯಿಲ್ಲದವನೆಂದೇ ಗದರುತ್ತಿದ್ದರು.

1867ರ ವಸಂತದಲ್ಲಿ ಆತನು ಜರ್ಮನಿಗೆ ಹೊರಟನು. ಶರೀರಕ್ರಿಯಾಶಾಸ್ತ್ರದಲ್ಲಿ ಅಲ್ಲಿ ನಡೆಯುತ್ತಿದ್ದ ಹೊಸ ಸಂಶೋಧನೆಗಳನ್ನು ಕಲಿಯಬೇಕೆಂಬುದು ಒಂದು ಉದ್ದೇಶ; ಬಿಸಿನೀರ ಬುಗ್ಗೆಗಳಲ್ಲಿ ಮಿಂದು ಬೆನ್ನುನೋವನ್ನು ಕಳೆದುಕೊಳ್ಳಬೇಕೆಂಬುದು ಇನ್ನೊಂದು. ಎರಡೂ ಅರೆಬರೆಯಾದವು. ಬೆನ್ನು ನೆಟ್ಟಗೆ ನಿಲ್ಲಲೊಲ್ಲದು, ಕಣ್ಣು ಹೆಚ್ಚು ಹೊತ್ತು ಅಕ್ಷರವನ್ನು ತಡೆಯದು, ನಿದ್ದೆ ಹತ್ತದು, ಉಂಡದ್ದು ಅರಗದು. ಪ್ರಯೋಗಶಾಲೆಯಲ್ಲಿ ನಿಂತು ದುಡಿಯುವ ಶಕ್ತಿಯಿಲ್ಲದೆ ಪರಸ್ಥಳದ ಕೊಠಡಿಯಲ್ಲಿ ಒಬ್ಬನೇ ಕುಳಿತವನಿಗೆ ಪ್ರಾಣವನ್ನು ಕಳೆದುಕೊಳ್ಳುವ ಯೋಚನೆಗಳೂ ಬಂದವು. ಊರಿಗೆ ಮರಳಿ 1869ರಲ್ಲಿ ವೈದ್ಯ ಪದವಿಯನ್ನೇನೋ ಪಡೆದನು. ಆದರೆ ವೈದ್ಯವೃತ್ತಿಯನ್ನು ಒಂದು ದಿನವೂ ಮಾಡಲಿಲ್ಲ. ಮುಂದೇನೆಂಬುದು ತಿಳಿಯದೆ ತಂದೆಯ ಮನೆಯಲ್ಲಿ ಕುಳಿತನು.

1870ರ ಮಾರ್ಚಿಯಲ್ಲಿ, ಬಹಳ ಪ್ರಿಯಳಾಗಿದ್ದ ಬಂಧು ಮಿನ್ನಿ ಟೆಂಪಲ್ ಕ್ಷಯದಿಂದ ತೀರಿಕೊಂಡಳು. ಒಂದು ಮುಸ್ಸಂಜೆ ಏನನ್ನೋ ತರಲು ಕತ್ತಲ ಕೋಣೆಗೆ ಹೋದಾಗ ಜೇಮ್ಸ್‌ನಿಗೆ ಹಠಾತ್ತನೆ ಭೀತಿಯೊಂದು ಅಮರಿಕೊಂಡಿತು. ಹಿಂದೆ ಹುಚ್ಚಾಸ್ಪತ್ರೆಯೊಂದರಲ್ಲಿ ಕಂಡಿದ್ದ, ಮೊಣಕಾಲುಗಳನ್ನು ಗಲ್ಲಕ್ಕೆ ಮಡಚಿಕೊಂಡು ದಿನವೆಲ್ಲ ಅಲುಗದೆ ಕುಳಿತಿರುತ್ತಿದ್ದ ಮೂರ್ಛೆರೋಗದ ಯುವಕನ ರೂಪವು ಕಣ್ಣೆದುರು ನಿಂತಿತು. ತಾನೂ ನಾಳೆ ಅದೇ ಆಗಬಹುದು, ಅವನಿಗೂ ತನಗೂ ನಡುವೆ ಇರುವುದು ಕ್ಷಣಮಾತ್ರದ ಅಂತರ ಎಂಬ ಅರಿವು ಆತನನ್ನು ಕರಗಿಸಿಬಿಟ್ಟಿತು. ಅನಂತರ ತಿಂಗಳುಗಟ್ಟಲೆ ಆತನು ಒಬ್ಬನೇ ಕತ್ತಲಲ್ಲಿ ಹೋಗಲು ಅಂಜಿದನು. ಅಂದಿನ ವೈದ್ಯಶಾಸ್ತ್ರ ನರವು ದೇಹದ ಒಂದು ಯಂತ್ರವೆಂದು ಕಲಿಸುತ್ತಿತ್ತು. ಎಲ್ಲವೂ ಯಂತ್ರವಾದರೆ ತನ್ನ ಈ ಕೆಟ್ಟ ಯಂತ್ರವನ್ನು ಸರಿಪಡಿಸಿಕೊಳ್ಳುವ ಸ್ವಾತಂತ್ರ್ಯವಾದರೂ ತನಗೆಲ್ಲಿದೆ ಎಂಬುದು ಆತನ ಪ್ರಶ್ನೆ. ಓದಿನ ವಿಷಯವೇ ಗಾಯವನ್ನು ಕೆದಕುತ್ತಿತ್ತು. ಇದು ಮನಃಶಾಸ್ತ್ರದ ವಿದ್ಯಾರ್ಥಿಗಳಿಗೆ ಅಪರಿಚಿತವಾದ ಅನುಭವವಲ್ಲ.

ಏಪ್ರಿಲ್ 30ರ ದಿನಚರಿಯಲ್ಲಿ ಒಂದು ತಿರುವು ಕಾಣುತ್ತದೆ. ಫ್ರೆಂಚ್ ದಾರ್ಶನಿಕ ರೆನೂವಿಯೆಯ ಪ್ರಬಂಧದ ಮೊದಲ ಭಾಗವನ್ನು ಓದಿ ಮುಗಿಸಿದ ಜೇಮ್ಸ್, ಇಚ್ಛಾಸ್ವಾತಂತ್ರ್ಯವಿದೆಯೆಂದು ನಂಬುವುದೇ ತನ್ನ ಇಚ್ಛಾಸ್ವಾತಂತ್ರ್ಯದ ಮೊದಲ ಕಾರ್ಯವಾಗಲಿ ಎಂದು ನಿಶ್ಚಯಿಸಿದನು. ಜೀವನಚರಿತ್ರೆಗಳಲ್ಲಿ ಇದನ್ನೊಂದು ಪವಾಡದಂತೆ ಹೇಳುವ ವಾಡಿಕೆಯಿದೆ. ನನಗೆ ಹೆಚ್ಚು ಮುಖ್ಯವೆನಿಸುವುದು ಅದೇ ಪುಟದಲ್ಲಿರುವ ಇನ್ನೊಂದು ನಿರ್ಧಾರ: ಕೆಲವು ಕಾಲ ತನ್ನೊಳಗನ್ನು ತಾನೇ ಬಗೆದು ನೋಡುವುದನ್ನು ಬಿಟ್ಟು, ಸಣ್ಣಪುಟ್ಟ ಕಾರ್ಯಗಳಲ್ಲಿ ಕ್ರಮವನ್ನು ರೂಢಿಸಿಕೊಳ್ಳುವುದು. ಮರುದಿನವೇ ಆತನೇನೂ ಗುಣವಾಗಲಿಲ್ಲ. ಚೇತರಿಕೆಗೆ ವರ್ಷಗಳು ಹಿಡಿದವು. ನಡುನಡುವೆ ಕುಸಿತಗಳೂ ಬಂದವು.

ನಿಜವಾಗಿ ಆತನನ್ನು ಎತ್ತಿ ನಿಲ್ಲಿಸಿದ್ದು ಒಂದು ಉದ್ಯೋಗ. ಹಾರ್ವರ್ಡಿನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಶರೀರಕ್ರಿಯಾಶಾಸ್ತ್ರವನ್ನು ಬೋಧಿಸಲು ಕರೆದನು. 1873ರ ಆರಂಭದಿಂದ ಜೇಮ್ಸ್ ತರಗತಿಗೆ ಹೋದನು. ಗೊತ್ತಾದ ಹೊತ್ತಿಗೆ ಎದುರಿಗೆ ಕುಳಿತಿರುವ ಹುಡುಗರು, ಅವರಿಗಾಗಿ ಸಿದ್ಧಮಾಡಬೇಕಾದ ಪಾಠ, ಇವು ಆತನ ಗಮನವನ್ನು ತನ್ನ ಬೆನ್ನಿನಿಂದಲೂ ಭಯದಿಂದಲೂ ಹೊರಗೆ ಸೆಳೆದವು. ಆದರೂ ಮರುವರ್ಷದ ಪಾಠವನ್ನು ಮುಂದೂಡಿ ವಿಶ್ರಾಂತಿಗೆಂದು ಇಟಲಿಗೆ ಹೋಗಲು ಆತನು ಹಿಂಜರಿಯಲಿಲ್ಲ. ಬಿಡುವು ಪಡೆದವನ ಕೆಲಸ ಕೆಡಲಿಲ್ಲ: 1875ರಲ್ಲಿ ಮನಃಶಾಸ್ತ್ರದ ತರಗತಿ ಆರಂಭವಾಯಿತು, ಜೊತೆಗೊಂದು ಪುಟ್ಟ ಪ್ರಯೋಗಶಾಲೆ.

1878ರಲ್ಲಿ ಆಲಿಸ್ ಗಿಬ್ಬನ್ಸಳೊಡನೆ ವಿವಾಹವಾಯಿತು. ಅದೇ ವರ್ಷ ಪ್ರಕಾಶಕನೊಬ್ಬನಿಗೆ ಎರಡು ವರ್ಷದಲ್ಲಿ ಪಠ್ಯಪುಸ್ತಕ ಬರೆದುಕೊಡುವೆನೆಂದು ಒಪ್ಪಿಕೊಂಡ ಜೇಮ್ಸ್, ಅದನ್ನು ಮುಗಿಸಿದ್ದು ಹನ್ನೆರಡು ವರ್ಷಕ್ಕೆ, 1890ರಲ್ಲಿ. ಪ್ರಬಂಧ ಸಲ್ಲಿಸುವ ಗಡುವು ಮೀರಿತೆಂದು ಕಂಗೆಡುವ ಸಂಶೋಧಕರು ಈ ಲೆಕ್ಕವನ್ನು ಗಮನಿಸಬೇಕು. ಎರಡು ಸಂಪುಟಗಳ ಆ ಗ್ರಂಥದಲ್ಲಿ ಅಭ್ಯಾಸಬಲವನ್ನು ಕುರಿತ ಅಧ್ಯಾಯ ಬಹಳ ಪ್ರಸಿದ್ಧ. ನಿತ್ಯದ ಸಣ್ಣ ಸಂಗತಿಗಳನ್ನು ಅಭ್ಯಾಸಕ್ಕೆ ಒಪ್ಪಿಸಿದಷ್ಟೂ ಮನಸ್ಸಿನ ಮೇಲ್ಮಟ್ಟದ ಶಕ್ತಿ ಮಿಗುತ್ತದೆ ಎಂಬುದು ಅದರ ತಿರುಳು. ಈ ಮಾತಿನ ಸುಳಿವು 1870ರ ಆ ದಿನಚರಿಯಲ್ಲಿಯೇ ಕಾಣುತ್ತದೆ.

ವಿದ್ಯಾರ್ಥಿಗಳ ಬಳಲಿಕೆಯ ವಿಷಯವಾಗಿ ಜೇಮ್ಸ್ ನೇರವಾಗಿಯೇ ಮಾತನಾಡಿದನು. 1899ರಲ್ಲಿ ಅಚ್ಚಾದ ಉಪನ್ಯಾಸಗಳ ಸಂಗ್ರಹದಲ್ಲಿ ಮೈಮನಗಳ ಸಡಿಲಿಕೆಯನ್ನು ಕುರಿತದ್ದೊಂದಿದೆ. ದೇಹದ ಬಿಗಿತವೇ ಮನಸ್ಸಿಗೆ ಆತಂಕವಾಗಿ ಹಿಂದಿರುಗುತ್ತದೆಂಬ ತನ್ನ ಭಾವಸಿದ್ಧಾಂತವನ್ನು ಆತನು ಅಲ್ಲಿ ನಿತ್ಯಜೀವನಕ್ಕೆ ಅನ್ವಯಿಸಿದ್ದಾನೆ. ಜನರನ್ನು ಕುಗ್ಗಿಸುವುದು ಕೆಲಸದ ಪ್ರಮಾಣವಲ್ಲ. ಸಮಯ ಸಾಲದೆಂಬ ಧಾವಂತ, ಫಲವೇನಾದೀತೆಂಬ ಕಳವಳ. ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯಬೇಕೆಂದರೆ ಹಿಂದಿನ ದಿನ ಪುಸ್ತಕವನ್ನು ಎಸೆದು, ಇನ್ನೊಂದು ನಿಮಿಷವನ್ನೂ ಅದಕ್ಕೆ ಕೊಡುವುದಿಲ್ಲವೆಂದು ಮನಸಾರೆ ಹೇಳಿಕೊಂಡು, ಹೊರಗೆ ಹೋಗಿ ಆಡಿ ಬಂದು ಮಲಗಬೇಕೆಂದು ಆತನ ಸಲಹೆ. ವರ್ಷವಿಡೀ ಓದಿದವರಿಗೆ ಮಾತ್ರ ಇದು ಸಲ್ಲುತ್ತದೆಂದು ನಾನು ಸೇರಿಸಬೇಕಾಗಿಲ್ಲ!

ಶಿಷ್ಯರೊಡನೆ ಆತನ ನಡೆಯೂ ಹಾಗೆಯೇ ಇತ್ತು. ಮುಂದೆ ಲೇಖಕಿಯಾಗಿ ಹೆಸರಾದ ಗರ್ಟ್ರೂಡ್ ಸ್ಟೈನ್ ಸ್ವತಃ ಹೇಳಿಕೊಂಡಿರುವಂತೆ, ಅಂದು ಪರೀಕ್ಷೆ ಬರೆಯುವ ಮನಸ್ಸಿಲ್ಲವೆಂದು ಉತ್ತರಪತ್ರಿಕೆಯಲ್ಲಿ ಬರೆದಿಟ್ಟು ಆಕೆ ಎದ್ದುಹೋದಳು. ತನಗೂ ಆಗಾಗ ಹಾಗೆನಿಸುತ್ತದೆಂದು ತಿಳಿಸಿ ಜೇಮ್ಸ್ ಆಕೆಗೆ ತರಗತಿಯಲ್ಲಿಯೇ ಅತ್ಯುಚ್ಚ ದರ್ಜೆ ಕೊಟ್ಟನಂತೆ. ಥಾರ್ನ್‌ಡೈಕ್ ಎಂಬ ವಿದ್ಯಾರ್ಥಿ ಪ್ರಯೋಗಕ್ಕೆಂದು ಸಾಕಿದ ಕೋಳಿಮರಿಗಳಿಗೆ ಬಾಡಿಗೆಮನೆಯಲ್ಲಿ ಜಾಗವಿಲ್ಲವಾದಾಗ ತನ್ನ ಮನೆಯ ನೆಲಮಾಳಿಗೆಯನ್ನೇ ಬಿಟ್ಟುಕೊಟ್ಟನು. ಜೇಮ್ಸ್‌ನ ಮಕ್ಕಳಿಗೆ ಅದರಿಂದ ಆದ ಸಂತೋಷ ಅಷ್ಟಿಷ್ಟಲ್ಲ.

ಭಾರತದ ಕಡೆಗೂ ಆತನ ಗಮನ ಹರಿಯಿತು. 1896ರಲ್ಲಿ ಸ್ವಾಮಿ ವಿವೇಕಾನಂದರು ಹಾರ್ವರ್ಡಿನಲ್ಲಿ ಉಪನ್ಯಾಸ ಮಾಡಿದರು. ಅವರ ರಾಜಯೋಗವನ್ನು ಜೇಮ್ಸ್ ತನ್ನ ಗ್ರಂಥದಲ್ಲಿ ಹೆಸರಿಸಿದ್ದಾನೆ. ಮನಃಶಾಸ್ತ್ರವು ಕನ್ನಡನಾಡಿಗೆ ವಿಶ್ವವಿದ್ಯಾನಿಲಯದ ವಿಭಾಗವಾಗಿ ಬಂದದ್ದು 1924ರಲ್ಲಿ, ಮೈಸೂರಿಗೆ. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಶಿಷ್ಯರು. ಪಾಠ ಪ್ರಯೋಗಗಳ ನಡುವೆಯೂ ಅವರು 1935ರಲ್ಲಿ ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಪ್ರೇಷಕವನ್ನಿಟ್ಟು ಬಾನುಲಿ ಕೇಂದ್ರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿಂದಲೇ ಬಂದದ್ದು. ಹೊತ್ತುಹೋಗದೆ ಮಾಡಿದ್ದಲ್ಲ ಅದು. ಜೇಮ್ಸ್ ಕಂಡಿದ್ದರೆ ಮೆಚ್ಚುತ್ತಿದ್ದನೆಂದು ತೋರುತ್ತದೆ.

ಇಷ್ಟೆಲ್ಲ ಬೋಧಿಸಿದವನು ತನ್ನ ವಿಷಯದಲ್ಲಿ ಅದನ್ನು ಪಾಲಿಸಿದನೇ? ಇಲ್ಲ. 1898ರಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ, ಅಡಿರಾಂಡಾಕ್ ಬೆಟ್ಟಗಳನ್ನು ಹೊರೆ ಹೊತ್ತು ಏರಿಳಿದು ಹೃದಯಕ್ಕೆ ಹಾನಿ ತಂದುಕೊಂಡನು; ಮರುವರ್ಷ ಅಲ್ಲಿಯೇ ದಾರಿ ತಪ್ಪಿ ಅಲೆದು ಅದು ಉಲ್ಬಣಿಸಿತು. ಎಡಿನ್‌ಬರೋದಲ್ಲಿ ಒಪ್ಪಿಕೊಂಡಿದ್ದ ಉಪನ್ಯಾಸಗಳನ್ನು ಮುಂದೂಡಿ ಯುರೋಪಿನ ಆರೋಗ್ಯಧಾಮಗಳಲ್ಲಿ ಕಾಲ ಕಳೆಯಬೇಕಾಯಿತು. 1901 ಮತ್ತು 1902ರಲ್ಲಿ ನೀಡಿದ ಆ ಉಪನ್ಯಾಸಗಳೇ ಧಾರ್ಮಿಕ ಅನುಭವದ ವೈವಿಧ್ಯಗಳನ್ನು ಕುರಿತ ಗ್ರಂಥವಾದವು. ಅದರಲ್ಲಿ ರೋಗಗ್ರಸ್ತ ಆತ್ಮವನ್ನು ವಿವರಿಸುವಾಗ ಒಬ್ಬ ಫ್ರೆಂಚ್ ಪತ್ರಲೇಖಕನ ಅನುಭವವೆಂದು ಒಂದು ಘಟನೆ ಬರುತ್ತದೆ: ಮುಸ್ಸಂಜೆ, ಕತ್ತಲ ಕೋಣೆ, ಅಲುಗದೆ ಕುಳಿತ ಯುವಕ. ಮೂವತ್ತು ವರ್ಷ ಕಳೆದ ಮೇಲೂ, ಜಗದ್ವಿಖ್ಯಾತನಾದ ಮೇಲೂ, ಆ ರಾತ್ರಿಯ ರೋಗಿ ತಾನೆಂದು ಸಭೆಯ ಮುಂದೆ ಹೇಳಲು ಆತನಿಗೆ ಬಾಯಿ ಬರಲಿಲ್ಲ.

ಹಾಗೆ ಹೇಳುವ ಧೈರ್ಯ ತೋರಿದ ಮತ್ತೊಬ್ಬನಿಗೆ ಆತನು ಬೆಂಬಲವಾದನು. ಮನೋರೋಗಾಲಯಗಳಲ್ಲಿ ಕ್ರೂರವಾಗಿ ನಡೆಸಿಕೊಳ್ಳಲ್ಪಟ್ಟಿದ್ದ ಕ್ಲಿಫರ್ಡ್ ಬಿಯರ್ಸ್ ತನ್ನ ಕತೆಯನ್ನು ಸ್ವಂತ ಹೆಸರಿನಲ್ಲಿಯೇ ಬರೆದು 1908ರಲ್ಲಿ ಪ್ರಕಟಿಸಿದಾಗ, ಅದರ ಮೊದಲಿಗೆ ಜೇಮ್ಸ್‌ನ ಪತ್ರವಿತ್ತು. ಮರುವರ್ಷ ಹುಟ್ಟಿದ ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಮಿತಿಗೂ ಆತನ ನೆರವು ದೊರೆಯಿತು.

1910ರ ಆಗಸ್ಟ್ 26ರಂದು ನ್ಯೂ ಹ್ಯಾಂಪ್‌ಷೈರಿನ ಚೊಕೊರುವಾದ ಬೇಸಗೆ ಮನೆಯಲ್ಲಿ, ಪತ್ನಿಯ ತೋಳುಗಳಲ್ಲಿ, ಆತನು ಕೊನೆಯುಸಿರೆಳೆದನು. ಹತ್ತು ವರ್ಷಗಳ ಅನಂತರ ಮಗ ಹೆನ್ರಿ ತಂದೆಯ ಪತ್ರಗಳನ್ನು ಸಂಪಾದಿಸಿ ಅಚ್ಚು ಹಾಕಿಸಿದನು. ಏಪ್ರಿಲ್ 30ರ ದಿನಚರಿಯ ಪುಟ ಹೊರಲೋಕಕ್ಕೆ ಬಂದದ್ದು ಆಗ. ಗ್ರಂಥದಲ್ಲಿದ್ದ ಆ ಫ್ರೆಂಚ್ ರೋಗಿ ಯಾರೆಂಬುದು ಓದುಗರಿಗೆ ತಿಳಿದದ್ದೂ ಆಗಲೇ.